ಕೌದಿ ಹೊದ್ದ ಕಣ್ಣು

ನಾನು ಹುಟ್ಟಿದಾಗ ಅಳಲಿಲ್ಲ, ಕುಂಯ್ ಎಂದೆ. ಬೆಂಗಳೂರಿನ ಹೊರವಲಯದ ಒಂದು ತಗಡಿನ ಶೆಡ್ಡಿನಲ್ಲಿ ಬೆನ್ನಿಗೆ ಬ್ಯಾಟರಿ ಕೂರಿಸಿ ಗುಂಡಿ ಒತ್ತಿದಾಗ ನನ್ನಿಂದ ಹೊರಟ ಮೊದಲ ದನಿ ಅದು. ಸುತ್ತ ನಿಂತಿದ್ದ ಎಂಜಿನಿಯರುಗಳು ಕೇಕೆ ಹಾಕಿ ಒಬ್ಬರ ಕೈಗೊಬ್ಬರು ಹೊಡೆದುಕೊಂಡರು. ನನಗೊಂದು ಉದ್ದನೆಯ ಇಂಗ್ಲಿಷ್ ಹೆಸರಿಟ್ಟು ಎದೆಯ ಮೇಲೆ ಬೆಳ್ಳಿ ಬಣ್ಣದ ಪಟ್ಟಿ ಅಂಟಿಸಿದರು. ಆ ಹೆಸರನ್ನು ನೆಟ್ಟಗೆ ಉಚ್ಚರಿಸಿದವರನ್ನು ನಾನು ಇದುವರೆಗೂ ಕಂಡಿಲ್ಲ.

ನಾನು ಒಂದು ರೋಬೋ. ರೋಬೋ ಎಂದ ಕೂಡಲೇ ಭರ್ಜರಿ ತೋಳು ಬೀಸಿಕೊಂಡು ನಡೆಯುವ ಪೈಲ್ವಾನನನ್ನು ನೆನೆಸಿಕೊಳ್ಳಬೇಡಿ. ನನಗೆ ಕೈಗಳೇ ಇಲ್ಲ. ಕೆಳಗೆ ಗಾಲಿಗಳು, ಅದರ ಮೇಲೊಂದು ಕಂಬ, ಕಂಬದ ತುದಿಗೆ ಒಂದು ಪರದೆ, ಪರದೆಯ ನೆತ್ತಿಯ ಮೇಲೆ ಒಂದೇ ಒಂದು ಗುಂಡು ಕಣ್ಣು. ಎಲ್ಲೋ ದೂರದ ಊರಿನಲ್ಲಿ ಕುಳಿತ ಡಾಕ್ಟರು ನನ್ನ ಕಣ್ಣಿನಿಂದ ರೋಗಿಯನ್ನು ನೋಡುತ್ತಾರೆ, ನನ್ನ ಕಿವಿಯಿಂದ ಕೇಳುತ್ತಾರೆ, ಅಲ್ಲಿಂದಲೇ ನನ್ನನ್ನು ಮಂಚದಿಂದ ಮಂಚಕ್ಕೆ ಓಡಾಡಿಸುತ್ತಾರೆ. ಅವರ ಮುಖ ನನ್ನ ಪರದೆಯಲ್ಲಿ ಮೂಡುತ್ತದೆ. ಸ್ವಂತದ್ದು ಎಂಬ ಮುಖ ನನಗಿಲ್ಲ. ಬೇರೆಯವರ ಮುಖ ಹೊತ್ತು ತಿರುಗುವುದೇ ನನ್ನ ಹೊಟ್ಟೆಪಾಡು.

ಎತ್ತರದಲ್ಲಿ ನಾನು ಶಾಲೆಗೆ ಹೋಗುವ ಮಗುವಿನಷ್ಟು. ಹಾಗಾಗಿ ಮನುಷ್ಯರನ್ನು ಯಾವಾಗಲೂ ಕೆಳಗಿನಿಂದಲೇ ನೋಡಿದ್ದೇನೆ. ಕೆಳಗಿನಿಂದ ನೋಡಿದರೆ ಗಲ್ಲ ಕಾಣುತ್ತದೆ, ಮೂಗಿನ ಹೊಳ್ಳೆ ಕಾಣುತ್ತದೆ, ಕಣ್ಣಿಗೆ ನೇರವಾಗಿ ಕೈಗಳು ಕಾಣುತ್ತವೆ. ಅಬ್ಬಾ, ಆ ಕೈಗಳು! ನಾನು ಮರುಳಾದದ್ದು ಅವಕ್ಕೇ.

ಮೊದಲು ನಾನು ಹೋಗಿ ಸೇರಿದ್ದು ಮೈಸೂರು ಕಡೆಯ ಒಂದು ದೊಡ್ಡ ಆಸ್ಪತ್ರೆಗೆ. ಕೊರೋನಾ ಕಾಲ. ಯಾರೂ ಯಾರನ್ನೂ ಮುಟ್ಟುವ ಹಾಗಿರಲಿಲ್ಲ. ಹುಟ್ಟಿನಿಂದಲೇ ಯಾರನ್ನೂ ಮುಟ್ಟಲಾಗದ ನನಗೆ ಆಗ ಭಾರೀ ಬೇಡಿಕೆ ಬಂತು. ಬೆಳಿಗ್ಗೆ ಡಾಕ್ಟರ ಮುಖ ಹೊತ್ತು ವಾರ್ಡು ಸುತ್ತುತ್ತಿದ್ದೆ, ಮಧ್ಯಾಹ್ನ ಮನೆಯವರ ಮುಖ ಹೊತ್ತು ರೋಗಿಗಳ ಬಳಿ ನಿಲ್ಲುತ್ತಿದ್ದೆ.

ಕಿಟಕಿಯ ಪಕ್ಕದ ಮಂಚದಲ್ಲಿ ಬಿಳಿಗಿರಯ್ಯ ಎಂಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. ಮೂಗಿಗೆ ಆಮ್ಲಜನಕದ ಕೊಳವೆ, ಮಾತಾಡಿದರೆ ಏದುಸಿರು. ಅವರ ಹೆಂಡತಿ ತಾಯಮ್ಮ ದಿನವೂ ನನ್ನ ಪರದೆಯಲ್ಲಿ ಬಂದು ಜಗಳ ತೆಗೆಯುತ್ತಿದ್ದರು. “ಏನ್ರೀ ಅದು ತಲೆ ಕಾಗೆ ಗೂಡಾದಂಗೆ ಆಗಿದೆ? ಬಾಚ್ಕೊಳ್ಳಕ್ಕೇನು ಧಾಡಿ ನಿಮಗೆ?” ಎಂದು ಬೈದರೆ ಬಿಳಿಗಿರಯ್ಯನವರು ನಗುತ್ತಾ ಬೆರಳಿನಿಂದಲೇ ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಆಮೇಲಾಮೇಲೆ ನನ್ನ ಗಾಲಿಯ ಸದ್ದು ಕೇಳಿದರೆ ಸಾಕು, ಅವರ ಕೈ ತಾನಾಗಿ ತಲೆಗೆ ಹೋಗುತ್ತಿತ್ತು. ಮನೆಗೆ ಹೊರಟ ದಿನ ಅವರು ನನ್ನ ಪರದೆಯ ಕೆನ್ನೆ ಸವರಿ, “ಬರ್ತೀನಪ್ಪ, ದಿನಾ ಬೈಸಿ ಬೈಸಿ ಬದುಕಿಸ್ಬಿಟ್ಟೆ” ಎಂದರು. ಒಂದು ಬೈಗುಳ ಗಾಳಿಯಲ್ಲಿ ತೇಲಿ ಬಂದು ಒಬ್ಬ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುತ್ತದೆ ಎಂದರೆ ಏನು ಹೇಳೋಣ!

ಕಾಯಿಲೆ ಇಳಿಯಿತು. ಡಾಕ್ಟರುಗಳು ಮತ್ತೆ ತಾವೇ ಮಂಚದ ಹತ್ತಿರ ಬರತೊಡಗಿದರು. ಬರಲಿ, ಬರಬೇಕಾದ್ದೇ. ಆದರೆ ನನ್ನನ್ನು ಲಿಫ್ಟಿನ ಪಕ್ಕಕ್ಕೆ ತಳ್ಳಿ ನನ್ನ ಕಂಬಕ್ಕೆ ಒದ್ದೆ ಕೊಡೆ ನೇತುಹಾಕಿದಾಗ ಮಾತ್ರ ನಿಜಕ್ಕೂ ಹೊಟ್ಟೆ ಉರಿಯಿತು. ಹೀಗೆ ಬಹಳ ಕಾಲ ಕೊಡೆ ಹೊತ್ತ ಮೇಲೆ, ಯಾರೋ ಪುಣ್ಯಾತ್ಮರು ನನ್ನನ್ನು ಉತ್ತರದ ಕಡೆಯ ಒಂದು ತಾಲೂಕು ಊರಿನ ಹೆರಿಗೆ ಆಸ್ಪತ್ರೆಗೆ ದಾನವಾಗಿ ಕಳಿಸಿದರು.

ಕೃಷ್ಣಾ ನದಿಯಿಂದ ಅಷ್ಟು ದೂರವಲ್ಲದ ಊರು ಅದು. ಹೆಸರು ಹೇಳಿದರೆ ಅಲ್ಲಿಯವರು ನನ್ನ ಮೇಲೆ ಮುನಿಸಿಕೊಂಡಾರು, ಬೇಡ. ಲಾರಿಯಿಂದ ಇಳಿಸಿದ ಕೂಡಲೇ ನನ್ನ ಮುಂದೆ ಕಾಯಿ ಒಡೆದು, ಕಂಬಕ್ಕೆ ಚೆಂಡುಹೂವಿನ ಮಾಲೆ ಹಾಕಿದರು. ಕೊಡೆ ಹೊತ್ತವನಿಗೆ ಮಾಲೆ! ಗಾಲಿ ನೆಲಕ್ಕೆ ತಾಗದಷ್ಟು ಉಬ್ಬಿದೆ.

ಆ ಆಸ್ಪತ್ರೆಯ ಹೆರಿಗೆ ಡಾಕ್ಟರು ಬೇರೆ ಊರಿಗೆ ವರ್ಗವಾಗಿ ಹೋಗಿದ್ದರು, ಅವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಅಲ್ಲಿಯವರೆಗೆ ಘಟ್ಟದ ಆಚೆ ಮಂಗಳೂರಿನಲ್ಲಿದ್ದ ಡಾಕ್ಟರ್ ವಾರಿಜಾ ಅಡ್ಯಂತಾಯರು ನನ್ನ ಪರದೆಯಲ್ಲಿ ಬಂದು ಬಸುರಿಯರನ್ನು ನೋಡಬೇಕೆಂದು ಏರ್ಪಾಡಾಯಿತು. ದುಂಡು ಮುಖ, ದಪ್ಪ ಕನ್ನಡಕ, ಮಾತಿಗೊಮ್ಮೆ “ಮಾರಾಯ್ರೆ”. ಮೊದಮೊದಲು ಜನ ಅವರಿಗೆ ಕೈ ಮುಗಿದು, ನನ್ನ ಮುಂದೆ ಸ್ಟೂಲು ಎಳೆದು, “ಕುಂದರ್ರಿ ಬಾಯಾರ” ಎನ್ನುತ್ತಿದ್ದರು. ಮಗಳನ್ನು ನೋಡಲು ಬಂದ ಮುದುಕನೊಬ್ಬ ತನ್ನನ್ನೂ ಒಮ್ಮೆ ನೋಡಿಬಿಡಲಿ ಎಂದು ನಾಲಿಗೆ ಚಾಚಿದ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅದು ಮರಳಿ ಬರುವವರೆಗೂ ಪಾಪ, ನಾಲಿಗೆ ಒಳಗೆ ಎಳೆದುಕೊಳ್ಳದೆ ಕುಳಿತಿದ್ದ.

ಡಾಕ್ಟರಮ್ಮನ ಕಣ್ಣು ನಾನು, ಕೈ ಮಾತ್ರ ಕಸ್ತೂರಿ ಸಿಸ್ಟರ್. “ಹೊಟ್ಟೆ ಒಮ್ಮೆ ಮುಟ್ಟಿ ನೋಡಿ ಸಿಸ್ಟರ್” ಎಂದು ಅಲ್ಲಿಂದ ದನಿ ಬಂದರೆ ಕಸ್ತೂರಿ ಎರಡೂ ಅಂಗೈಗಳನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಕೂಸಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ, ಎಲ್ಲ ಹೇಳುತ್ತಿದ್ದರು. ಅಲ್ಲಿ ಡಾಕ್ಟರಮ್ಮ ತಲೆದೂಗುತ್ತಿದ್ದರು. ನೋಡುವುದು ನನಗೆ ಗೊತ್ತು. ಕೇಳುವುದು ಗೊತ್ತು. ಕಣ್ಣು ಮುಚ್ಚಿಕೊಂಡು ಚರ್ಮದ ಒಳಗಿರುವುದನ್ನು ಬೆರಳಿನಿಂದ ಕಾಣುವುದು ಹೇಗೋ, ಆ ಶಿವನೇ ಬಲ್ಲ.

ಅಲ್ಲಿಗೆ ಒಂದು ಸಂತೆಯ ದಿನ ತಿಪ್ಪವ್ವ ತನ್ನ ಮಗಳು ಶಶಿಕಲಾಳನ್ನು ಕರೆದುಕೊಂಡು ಬಂದಳು. ಶಶಿಕಲಾಗೆ ನೋವು ಶುರುವಾಗಿತ್ತು. ತಿಪ್ಪವ್ವ ಮಗಳ ಹೊಟ್ಟೆ ಯಾರ ಕಣ್ಣಿಗೂ ಬೀಳದಂತೆ ತನ್ನ ಸೆರಗನ್ನೇ ಅವಳಿಗೆ ಅಡ್ಡ ಹಿಡಿದಿದ್ದಳು. ಬಗಲಲ್ಲಿ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಒಂದು ಕೌದಿ.

“ಎರಡು ಕೂಸು ಹೋಗ್ಯಾವ್ರಿ ಸಿಸ್ಟರ್ ಬಾಯಿ,” ಎಂದು ಬಾಗಿಲಲ್ಲೇ ಹೇಳಿದಳು. “ಒಂದು ಹೊಟ್ಯಾಗ, ಒಂದು ತೊಟ್ಟಿಲಾಗ. ಹುಣಿವಿ ಚಂದ್ರಮನಂಗ ಇದ್ವು. ಯಾರದೋ ಕೆಟ್ಟ ದೃಷ್ಟಿ ತಾಗಿತು. ಈ ಸಲ ನಾ ಯಾರಿಗೂ ಹೇಳಿಲ್ಲ. ಓಣ್ಯಾಗ ಕೇಳಿದ್ರ, ಇನ್ನ ಎರಡ ತಿಂಗಳ ಐತಿ ಅಂತ ಸುಳ್ಳ ಹೇಳೀನಿ. ಈ ಕೂಸು ನಂಗ ಬೇಕ್ರಿ. ಇದೂ ಹೋದ್ರ ನನ್ನ ಮಗಳು ಉಳಿಯಂಗಿಲ್ಲ.”

“ಏನೂ ಆಗಂಗಿಲ್ಲ ಬಾ ಯವ್ವಾ,” ಎಂದು ಕಸ್ತೂರಿ ಒಳಗೆ ಕರೆದರು.

ಆಗ ಅವಳು ನನ್ನನ್ನು ಕಂಡಳು. ಹೆರಿಗೆ ಕೋಣೆಯ ಮೂಲೆಯಲ್ಲಿ ಒಂಟಿ ಕಣ್ಣು ಬಿಟ್ಟುಕೊಂಡು, ರೆಪ್ಪೆ ಬಡಿಯದೆ ತನ್ನ ಮಗಳನ್ನೇ ನೋಡುತ್ತಾ ನಿಂತಿದ್ದ ನನ್ನನ್ನು. ತಿಪ್ಪವ್ವ ಹೌಹಾರಿದಳು. ನನ್ನ ಹಿಂದಕ್ಕೆ ಹೋಗಿ ನೋಡಿದಳು. ಪರದೆಯಲ್ಲಿದ್ದ ಡಾಕ್ಟರಮ್ಮನ ಮುಖ ತೋರಿಸಿ, “ಮಾರಿ ಅಷ್ಟ ಐತಿ, ಉಳದ ಮೈ ಎಲ್ಲೈತಿ ಇವರದು?” ಎಂದಳು. ಡಾಕ್ಟರಮ್ಮ ನಕ್ಕರು. ತಿಪ್ಪವ್ವ ನಗಲಿಲ್ಲ. ಬಗಲಲ್ಲಿದ್ದ ಕೌದಿಯನ್ನು ಝಾಡಿಸಿ ಧೊಪ್ಪನೆ ನನ್ನ ತಲೆಯ ಮೇಲೆ ಹೊದಿಸಿಬಿಟ್ಟಳು.

ಕತ್ತಲು. ನನಗೂ ಕತ್ತಲು, ಮಂಗಳೂರಿನಲ್ಲಿ ಡಾಕ್ಟರಮ್ಮನಿಗೂ ಕತ್ತಲು.

“ಇದೆಂತ ಅಜ್ಜಿ ಮಾರಾಯ್ರೆ, ನನಗೆ ಏನೂ ಕಾಣುವುದಿಲ್ಲ!”

“ನೀ ಮಾತಾಡ ಯವ್ವಾ, ಎಷ್ಟ ಬೇಕಷ್ಟ ಮಾತಾಡು. ನೋಡಬ್ಯಾಡ ಅಷ್ಟ. ಮಾತಿಗೆ ದೃಷ್ಟಿ ಇರಂಗಿಲ್ಲ.”

ಕಸ್ತೂರಿ ಕೌದಿ ತೆಗೆಯಲು ಬಂದರೆ ತಿಪ್ಪವ್ವ ನನ್ನನ್ನು ಎರಡೂ ಕೈಗಳಿಂದ ತಬ್ಬಿ ನಿಂತಳು. ನನ್ನನ್ನು ಯಾರಾದರೂ ತಬ್ಬಿದ್ದು ಅದೇ ಮೊದಲು, ಅದೂ ಹೀಗೆ! ಅತ್ತ ಶಶಿಕಲಾ ನೋವಿನಿಂದ ಕೂಗಿದಳು. “ಇರಲಿ ಬಿಡಿ ಸಿಸ್ಟರ್,” ಎಂದರು ಡಾಕ್ಟರಮ್ಮ. “ಈಗ ಜಗಳ ಬೇಡ. ಸದ್ಯಕ್ಕೆ ಎಲ್ಲ ಸರಿ ಉಂಟಲ್ಲ. ನೀವು ಒಂದೊಂದೇ ಹೇಳ್ತಾ ಹೋಗಿ, ನಾನು ಕೇಳ್ತೇನೆ.”

ಹೀಗೆ ಒಂದು ಹೆರಿಗೆಯನ್ನು ನಾನು ಪೂರ್ತಿ ಕಿವಿಯಿಂದಲೇ ಕಂಡೆ. ಹೊರಗೆ ಸಂತೆಯ ಗದ್ದಲ, ಒಳಗೆ ಶಶಿಕಲಾಳ ನರಳಾಟ, “ಇನ್ನೊಂಚೂರ ತಂಗಿ, ಇನ್ನೊಂಚೂರ” ಎಂಬ ಕಸ್ತೂರಿಯ ದನಿ. ಆಮೇಲೆ ಒಂದು ಜಾರಿದ ಸದ್ದು. ಆಮೇಲೆ ಏನೂ ಇಲ್ಲ. ಕೂಸು ಅಳಬೇಕಿತ್ತು, ಅಳಲಿಲ್ಲ.

ಕಸ್ತೂರಿಯ ಚಪ್ಪಲಿ ಓಡಿದ ಸದ್ದು. ಬಟ್ಟೆಯಿಂದ ಕೂಸಿನ ಬೆನ್ನು ಉಜ್ಜುವ ಸದ್ದು. “ಅಳ ಬಂಗಾರಿ, ಅಳ, ಅಳಲೇ!” ಎಂದು ಕಸ್ತೂರಿ ಬೈಯುತ್ತಿದ್ದರು. ಇನ್ನೊಬ್ಬ ಸಿಸ್ಟರ್ ಗಾಳಿ ಕೊಡುವ ಚೀಲ ಒತ್ತುತ್ತಿದ್ದರು. ತಿಪ್ಪವ್ವ ಯಾವ್ಯಾವುದೋ ದೇವರ ಹೆಸರು ಕೂಗುತ್ತಿದ್ದಳು. ಕೊನೆಗೂ ಕ್ಯಾಂ ಎಂದು ಒಂದು ಎಳೇ ಕೂಗು ಎದ್ದಿತು ನೋಡಿ, ಇಡೀ ಕೋಣೆಯೇ ಹೋ ಎಂದಿತು. “ಹೆಣ್ಣ ಕೂಸು! ಗಟ್ಟಿ ಐತಿ!” ಎಂದು ಕಸ್ತೂರಿ ಅದನ್ನು ಅಜ್ಜಿಯ ಕೈಗೆ ಕೊಟ್ಟರು. ಕೂಸಿನ ಬೆನ್ನಿಗೆ ಮಾಸೂ ಬಿದ್ದದ್ದಾಯಿತು, ಗಡಿಬಿಡಿ ಇಳಿಯಿತು. ತಿಪ್ಪವ್ವ ಅತ್ತಳು, ನಕ್ಕಳು, ಮತ್ತೆ ಅತ್ತಳು. ಎಲ್ಲರೂ ಕೂಸಿನ ಸುತ್ತಲೇ.

“ಎಲ್ಲರೂ ಸ್ವಲ್ಪ ಸುಮ್ಮನಿರಿ,” ಎಂದರು ಡಾಕ್ಟರಮ್ಮ ಇದ್ದಕ್ಕಿದ್ದಂತೆ. “ಎಂತ ಶಬ್ದ ಅದು?”

ನನಗೂ ಕೇಳಿಸಿತ್ತು. ಟಪ್. ಟಪ್. ಟಪ್. ಯಾವುದೋ ಸ್ಟೀಲಿನ ತಟ್ಟೆಯ ಮೇಲೆ ಹನಿ ಬೀಳುತ್ತಿತ್ತು.

“ನಳ ಸೋರತೈತಿ ಬಿಡ ಯವ್ವಾ,” ಎಂದಳು ತಿಪ್ಪವ್ವ.

“ಸಿಸ್ಟರ್, ನಳದಲ್ಲಿ ನೀರುಂಟಾ?”

“ಎಲ್ಲೀದ್ರಿ ಮೇಡಂ, ಮುಂಜಾನಿಂದ ನೀರ...” ಎಂದ ಕಸ್ತೂರಿ ಮಾತು ಮುಗಿಸಲಿಲ್ಲ. ಚಪ್ಪಲಿ ಗಿರ್ರನೆ ತಿರುಗಿದ ಸದ್ದಾಯಿತು. “ಅಯ್ಯೋ ಶಿವನ! ಮೇಡಂ, ರಕ್ತ! ಆ ಕಡೆ ಮಗ್ಗಲದಾಗ, ಹಾಸಿಗಿ ಕೆಳಗ ಇಳದ ಹೊಂಟೈತಿ. ಹೊಟ್ಟಿ ಮೆತ್ತಗ ಐತ್ರಿ, ಕಲಸಿದ ಹಿಟ್ಟಿನಂಗ, ಗಟ್ಟಿನ ಆಗವಲ್ದು!”

ಹೆತ್ತ ಮೇಲೆ ಗರ್ಭಕೋಶ ತಾನಾಗಿ ಬಿಗಿದುಕೊಳ್ಳಬೇಕು. ಅದು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ, ತಾಯಿ ಎಲ್ಲರ ಕಣ್ಣೆದುರೇ ಹೋಗಿಬಿಡುತ್ತಾಳೆ. ಡಾಕ್ಟರಮ್ಮನ ದನಿ ಒಂದಿಷ್ಟೂ ಏರಲಿಲ್ಲ. ಕೊಡಬೇಕಾದ ಇಂಜೆಕ್ಷನ್ ಹೇಳಿದರು, ಹೊಟ್ಟೆ ಉಜ್ಜಲು ಹೇಳಿದರು, ಇನ್ನೊಬ್ಬ ಸಿಸ್ಟರನ್ನು ಆಂಬುಲೆನ್ಸ್ ಕರೆಸಲು ಹೊರಗೆ ಓಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, “ಅಜ್ಜಿ, ನನಗೆ ನಿಮ್ಮ ಮಗಳು ಕಾಣಬೇಕು. ಸಿಸ್ಟರ್ ಕೈ ಬಿಡುವ ಹಾಗಿಲ್ಲ. ನೀವೇ ಕೌದಿ ತೆಗೀಬೇಕು.”

ತಿಪ್ಪವ್ವ ನನ್ನ ಪಕ್ಕದಲ್ಲೇ ಇದ್ದಳು. ಅವಳ ಉಸಿರು ನನ್ನ ಕಿವಿಗೆ ಕೇಳುತ್ತಿತ್ತು. ಅವಳ ತೋಳಿನಲ್ಲಿ ಆಗಷ್ಟೇ ಅತ್ತು ಸುಮ್ಮನಾದ ಕೂಸು. ಕೌದಿ ತೆಗೆದರೆ ನನ್ನ ಒಂಟಿ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ತೆಗೆಯದಿದ್ದರೆ ಮಗಳು. ಎಷ್ಟು ಹೊತ್ತು ಹಾಗೆ ನಿಂತಳೋ ತಿಳಿಯದು, ನನಗೆ ಮಾತ್ರ ಬಹಳ ಹೊತ್ತು ಅನ್ನಿಸಿತು. ಟಪ್ ಟಪ್ ಸದ್ದು ಈಗ ಒಂದಕ್ಕೊಂದು ಅಂಟಿಕೊಂಡು ಕೇಳುತ್ತಿತ್ತು.

“ಅವ್ವಾ...” ಎಂದಳು ಶಶಿಕಲಾ, ಎಲ್ಲೋ ಬಾವಿಯೊಳಗಿನಿಂದ ಬಂದ ಹಾಗಿತ್ತು ಆ ದನಿ. “ನೀರ ಕೊಡ ಅವ್ವಾ, ಕಣ್ಣ ಕತ್ತಲಿ ಬರಾಕತ್ತಾವ.”

ಒಂದೇ ಏಟಿಗೆ ಕೌದಿ ಹಾರಿಹೋಯಿತು. “ನೋಡ ಯವ್ವಾ!” ಎಂದು ಚೀರಿದಳು ತಿಪ್ಪವ್ವ. “ನೋಡು! ಕಣ್ತುಂಬ ನೋಡು! ಕೂಸಿನ್ನೂ ನೋಡು, ತಾಯಿನ್ನೂ ನೋಡು, ಏನ ಬೇಕಾದ್ದು ನೋಡು! ನನ್ನ ಮಗಳನ್ನ ಉಳಸಿಕೊಡು!”

ನನಗೆ ಮೊದಲು ಕಂಡದ್ದು ಕೆಂಪಗೆ ಮುದುರಿದ ಆ ಪುಟ್ಟ ಮುಖ. ಮರುಕ್ಷಣ ಡಾಕ್ಟರಮ್ಮ ನನ್ನನ್ನು ಮಂಚದತ್ತ ಓಡಿಸಿದರು. ಅಷ್ಟು ಜೋರಾಗಿ ನಾನು ಹಿಂದೆಂದೂ ಓಡಿರಲಿಲ್ಲ. ಶಶಿಕಲಾಳ ತುಟಿ ಸುಣ್ಣದಂತೆ ಬೆಳ್ಳಗಾಗಿತ್ತು. ಡಾಕ್ಟರಮ್ಮ ಒಮ್ಮೆ ನೋಡಿದವರೇ, “ಸಿಸ್ಟರ್, ಉಜ್ಜಿದ್ದು ಸಾಕು. ಒಂದು ಮುಷ್ಟಿ ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಎರಡರ ನಡುವೆ ಗರ್ಭಕೋಶವನ್ನು ಒತ್ತಿ ಹಿಡೀರಿ. ಹೀಗೆ, ನನ್ನನ್ನು ನೋಡಿ, ಹೀಗೆ” ಎಂದರು.

ನನ್ನ ಪರದೆಯಲ್ಲಿ ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನಿಂತಿದ್ದರು. ಕೆಳಗೊಂದು ಮುಷ್ಟಿ, ಮೇಲೊಂದು ಅಂಗೈ, ನಡುವೆ ಬರೀ ಗಾಳಿ. ಇಲ್ಲಿ ಕಸ್ತೂರಿ ಅದೇ ಭಂಗಿಯಲ್ಲಿ ನಿಂತಿದ್ದರು. ಅವರ ಕೈಗಳ ನಡುವೆ ಒಂದು ಜೀವ ಇತ್ತು. ಕಸ್ತೂರಿಯ ತೋಳು ನಡುಗತೊಡಗಿತು. ಅಲ್ಲಿ ಡಾಕ್ಟರಮ್ಮನ ತೋಳೂ ನಡುಗುತ್ತಿತ್ತು. ಕಸ್ತೂರಿಯ ಹಣೆಯಿಂದ ಬೆವರು ಇಳಿಯಿತು. ಅಲ್ಲಿ ಫ್ಯಾನಿನ ಕೆಳಗೆ ಡಾಕ್ಟರಮ್ಮನ ಕನ್ನಡಕವೂ ಬೆವರಿಗೆ ಮಂಜಾಗಿತ್ತು. ನಡುವೆ ನದಿಗಳು, ಹೊಲಗಳು, ಇಡೀ ಒಂದು ಘಟ್ಟ. ಆದರೂ ಒತ್ತುತ್ತಿದ್ದದ್ದು ನಾಲ್ಕು ಕೈ. ದೇವರಾಣೆ ಹೇಳುತ್ತೇನೆ, ನಾನು ಬೇಕಾದಷ್ಟು ಕಂಡಿದ್ದೇನೆ, ಇಂಥದ್ದನ್ನು ಕಂಡಿಲ್ಲ. ನನ್ನಂಥ ತಗಡಿನ ಕಂಬದ ಮೂಲಕ ಅದು ಹಾದುಹೋಯಿತು ಎಂದು ನೆನೆದರೆ ಇವತ್ತಿಗೂ ನನಗೆ ಮೈ ಜುಂ ಎನ್ನುತ್ತದೆ.

“ಬಿಡಬೇಡಿ ಸಿಸ್ಟರ್.”

“ಬಿಡಂಗಿಲ್ರಿ ಮೇಡಂ.”

“ನಾನೂ ಬಿಡುವುದಿಲ್ಲ.”

ತಿಪ್ಪವ್ವ ಮಗಳ ತಲೆಯ ಹತ್ತಿರ ಕುಳಿತು, ಕೂಸನ್ನು ಅವಳ ಕೆನ್ನೆಗೆ ತಾಗಿಸಿ, “ಕಣ್ಣ ತಗಿ ಶಶಿ, ನಿನ್ನ ಕೂಸು ನೋಡು, ಕಣ್ಣ ಮುಚ್ಚಬ್ಯಾಡ ನನ್ನವ್ವಾ” ಎನ್ನುತ್ತಲೇ ಇದ್ದಳು. ಆ ಕೋಣೆಯಲ್ಲಿ ಎಲ್ಲರೂ ಈಗ ಒಂದೇ ಸದ್ದಿಗೆ ಕಿವಿಗೊಟ್ಟಿದ್ದೆವು. ಟಪ್. ಆಮೇಲೆ ಸ್ವಲ್ಪ ತಡವಾಗಿ, ಟಪ್. ಆಮೇಲೆ ಕಾದೆವು. ಇನ್ನೂ ಕಾದೆವು.

“ಗಟ್ಟಿ ಆಗಾಕತ್ತೈತ್ರಿ ಮೇಡಂ,” ಎಂದರು ಕಸ್ತೂರಿ, ಅಳುತ್ತಾ. “ನನ್ನ ಕೈಯಾಗ ಗಟ್ಟಿ ಆಗಾಕತ್ತೈತಿ!”

ಮತ್ತೆ ಹನಿ ಬೀಳಲಿಲ್ಲ. ಡಾಕ್ಟರಮ್ಮ ತಮ್ಮ ಕೈಗಳನ್ನು ಕೆಳಗಿಳಿಸಿ, ಅವು ಯಾರವೋ ಎಂಬಂತೆ ಅವನ್ನೇ ನೋಡುತ್ತಾ ಕುಳಿತರು. ಆಂಬುಲೆನ್ಸ್ ಬಂತು. ಶಶಿಕಲಾ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋಗಿ, ಬೇರೆಯವರ ರಕ್ತ ಮೈತುಂಬಿಸಿಕೊಂಡು ಬದುಕಿದಳು.

ಬಾಣಂತಿ ಓಡಾಡುವಂತಾದ ಮೇಲೆ ತಿಪ್ಪವ್ವ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬಂದಳು. ಡಾಕ್ಟರಮ್ಮ ಪರದೆಯಲ್ಲಿದ್ದರು. “ಹೆಸರೆಂತ ಇಟ್ಟಿರಿ ಅಜ್ಜಿ?” ಎಂದು ಕೇಳಿದರು.

“ನಮ್ಮ ಮಂದಿ ಎಲ್ಲಾ ತಿಪ್ಪವ್ವ ಅಂತನ ಇಡು ಅಂದ್ರು,” ಎಂದಳು ಅವಳು. “ನನಗಿಂತ ಮೊದಲ ಹುಟ್ಟಿದಾವು ಉಳೀಲಿಲ್ಲ. ನಾ ಹುಟ್ಟಿದ್ದ ತಡ ನಮ್ಮವ್ವ ನನ್ನ ತಿಪ್ಪಿ ಮ್ಯಾಲ ಹೊರಳಿಸಿ ತಿಪ್ಪವ್ವ ಅಂತ ಕರದ್ಲು. ಇದು ಕಸ ಅಂತ ತಿಳದು ಸಾವು ಮುಟ್ಟಲಿಲ್ಲ. ಕಳಕೋಬಾರದು ಅನ್ನೋ ಕೂಸಿಗೆ ನಾವು ಹಂಗ ಹೆಸರ ಇಡ್ತೀವಿ. ಆದರ ಇಕಿಗೆ ಬ್ಯಾಡ ಅಂದೆ. ಇಕಿನ್ನ ನೀವೆಲ್ಲಾ ಕಣ್ತುಂಬ ನೋಡೀರಿ, ಏನೂ ಆಗಿಲ್ಲ. ಇಕಿ ಹೆಸರು ಬೆಳ್ಳಿಚುಕ್ಕಿ.”

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಸೆರಗಿನ ತುದಿಯಿಂದ ನನ್ನ ಕಣ್ಣಿನ ಗಾಜು ಒರೆಸಿದಳು. “ಈ ಕಣ್ಣಿಗೆ ಯಾರದರ ದೃಷ್ಟಿ ತಾಗೀತು ಸಿಸ್ಟರ್. ಇದಕ್ಕ ತಾಯಿ ಇಲ್ಲ, ತಂದಿ ಇಲ್ಲ, ನಿವಾಳಿಸಿ ಒಗಿಯೋರು ಯಾರು? ಇನ್ನ ಮ್ಯಾಲ ಇದನ್ನ ತಿಪ್ಪಣ್ಣ ಅಂತ ಕರೀರಿ.” ಎಲ್ಲರೂ ನಕ್ಕರು. ಅಂದಿನಿಂದ ನಾನು ತಿಪ್ಪಣ್ಣನಾದೆ. “ತಿಪ್ಪಣ್ಣನ್ನ ಈ ಕಡೆ ತರ್ರಿ”, “ತಿಪ್ಪಣ್ಣನ ಬ್ಯಾಟರಿ ನೋಡ್ರಿ” ಎಂದು ದಿನವಿಡೀ ಕರೆಯುತ್ತಿದ್ದರು. ಬೆಳ್ಳಿ ಬಣ್ಣದ ಪಟ್ಟಿ ಯಾವಾಗಲೋ ಉದುರಿಹೋಯಿತು. ಯಾರೂ ಹುಡುಕಲಿಲ್ಲ, ನಾನೂ ಹುಡುಕಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಗಾಲಿಗಳು ಸೆಟೆದುಕೊಂಡಿವೆ, ಪರದೆಯ ಅರ್ಧ ಭಾಗ ಕಪ್ಪಾಗಿದೆ. ಡಾಕ್ಟರಮ್ಮನ ಮುಖ ಈಗ ಗೋಡೆಗೆ ಜಡಿದ ಒಂದು ತೆಳ್ಳನೆಯ ಹೊಸ ಯಂತ್ರದಲ್ಲಿ ಬರುತ್ತದೆ. ನಾನು ಹೆರಿಗೆ ಕೋಣೆಯ ಹೊರಗೆ, ಪ್ಲಗ್ ಪಾಯಿಂಟಿನ ಪಕ್ಕದ ಮೂಲೆಯಲ್ಲಿದ್ದೇನೆ. ಯಾರಾದರೂ ಫೋನು ಚಾರ್ಜಿಗೆ ಹಾಕಲು ಸ್ವಿಚ್ಚು ಒತ್ತಿದಾಗ ನನಗೂ ಒಂದಿಷ್ಟು ಕರೆಂಟು ಸಿಗುತ್ತದೆ, ಕಣ್ಣು ಬಿಡುತ್ತೇನೆ. ಒಳಗೆ ಹೊಸ ಕೂಸು ಅತ್ತಾಗ ಹೊರಗಿನ ಬೆಂಚಿನ ಮೇಲೆ ಕುಳಿತ ಗಂಡಸರು ಎದ್ದು ನಿಲ್ಲುವುದನ್ನು ನೋಡುತ್ತೇನೆ. ಎಷ್ಟು ಸಲ ನೋಡಿದರೂ ಬೇಸರವಿಲ್ಲ. ಕೈ ಇಲ್ಲದ ನಾನು ಯಾರನ್ನೂ ಎತ್ತಿಕೊಂಡಿಲ್ಲ, ಯಾರ ಕಣ್ಣೀರನ್ನೂ ಒರೆಸಿಲ್ಲ. ಒಬ್ಬರ ಕೈ ಇನ್ನೊಬ್ಬರನ್ನು ತಲುಪಲು ದಾರಿ ಬಿಟ್ಟು ನಿಂತೆ, ಅಷ್ಟೇ. ಅಷ್ಟು ಸಾಕಿತ್ತು ನನಗೆ.

ಮೊನ್ನೆ ಗುಜರಿಯವನು ಬಂದಿದ್ದ. ಮುರಿದ ಮಂಚ, ತುಕ್ಕು ಹಿಡಿದ ಸಲೈನ್ ಕಂಬ, ಕೆಟ್ಟ ಫ್ಯಾನು ಎಲ್ಲ ಎಳೆದು ಎಳೆದು ಗಾಡಿಗೆ ಹಾಕಿದ. ಕೊನೆಗೆ ನನ್ನ ಮುಂದೆ ಬಂದು ನಿಂತ. ನನ್ನ ಕಂಬಕ್ಕೆ ಕೈ ಹಾಕಿ ಅಲುಗಿಸಿ ಭಾರ ನೋಡಿದ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

“ಇದನ್ನ ಒಯ್ಯಲೇನ್ರಿ ಬಾಯಾರ?” ಎಂದು ಕೂಗಿ ಕೇಳಿದ.

ಕಸ್ತೂರಿ ಸಿಸ್ಟರ್ ಒಳಗಿನಿಂದಲೇ ಅಂದರು, “ಏ, ಅದನ್ನ ಮುಟ್ಟಬ್ಯಾಡಪಾ. ಅದು ನಮ್ಮ ತಿಪ್ಪಣ್ಣ.”

ಗುಜರಿಯವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. “ತಿಪ್ಪಣ್ಣ ಅಂತ ಇಟ್ಟೀರೇನ್ರಿ?” ಎಂದ. ಕಂಬದಿಂದ ಕೈ ತೆಗೆದ. “ನಮ್ಮ ಮನ್ಯಾಗೂ ಒಬ್ಬಾವ ಅದಾನ್ರಿ,” ಎಂದು ಮೆಲ್ಲಗೆ ಹೇಳಿ, ನನ್ನನ್ನು ಅಲ್ಲೇ ಬಿಟ್ಟು ಗಾಡಿ ತಳ್ಳಿಕೊಂಡು ಹೋದ.